ಮೊದಲೇ ಯಾಕೆ ಗೊತ್ತಾಗಲಿಲ್ಲ

ಸಾವಿನ ಮನೆಗೆ ಬಂದವರು ಕೇಳುವ ಪ್ರಶ್ನೆ ಒಂದೇ. "ಮೊದಲೇ ಗೊತ್ತಾಗ್ಲಿಲ್ವಾ?" ನಮ್ಮ ದೊಡ್ಡಪ್ಪ ಹೊಟ್ಟೆಯ ಕ್ಯಾನ್ಸರ್‌ನಿಂದ ಹೋದಾಗ, ತಿಥಿ ಮುಗಿಯುವವರೆಗೂ ಬಂದವರೆಲ್ಲ ಇದನ್ನೇ ಕೇಳಿದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಸಂಕಟದಲ್ಲಿ ಒಂದು ಕಾರಣ ಹುಡುಕುತ್ತೇವೆ, ಅಷ್ಟೇ. ಆದರೆ ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ದೊಡ್ಡಮ್ಮ ಸೆರಗಿನಂಚು ಹಿಡಿದು ನೆಲ ನೋಡುತ್ತಿದ್ದರು. ಮದುವೆಯಾದಾಗಿನಿಂದ ದೊಡ್ಡಪ್ಪನ ತಟ್ಟೆಗೆ ಬಡಿಸಿದವರು ಅವರೇ. "ನಂಗೆ ಗೊತ್ತಾಗಬೇಕಿತ್ತು" ಅಂತ ಈಗಲೂ ಹೇಳುತ್ತಾರೆ.

ಗೊತ್ತಾಗುವುದು ಅಷ್ಟು ಸುಲಭ ಇರಲಿಲ್ಲ. ಅದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸಿಕ್ಕ ಡಾಕ್ಟರುಗಳನ್ನೆಲ್ಲ ಕೇಳಿ, ಆಮೇಲೆ ಓದಿ ತಿಳಿದುಕೊಂಡಿದ್ದು ಇದು. ಒಂದು ಮಾತು ನನಗೆ ಗಟ್ಟಿಯಾಗಿದೆ. ಈ ಕಾಯಿಲೆಯಲ್ಲಿ ತಡ ಆಗುವುದು ಯಾರೋ ಒಬ್ಬರ ಅಸಡ್ಡೆಯಿಂದಲ್ಲ. ಆ ಹೊತ್ತಿಗೆ ಸರಿ ಅನ್ನಿಸಿದ ಸಣ್ಣ ಸಣ್ಣ ತೀರ್ಮಾನಗಳು ಒಂದರ ಮೇಲೊಂದು ಕೂಡಿಕೊಂಡು ತಿಂಗಳುಗಳನ್ನು ತಿಂದುಬಿಡುತ್ತವೆ.

ದೊಡ್ಡಪ್ಪನದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ, ಬಾಡಿಗೆ ಜಮೀನಿನಲ್ಲಿ ಶುಂಠಿ. ಅರವತ್ತು ದಾಟಿತ್ತು. ಬೆಳಿಗ್ಗೆ ಬೆಳಕಾಗುವ ಮೊದಲೇ ತೋಟಕ್ಕೆ ಹೋಗುವ ಆಳು. ಬೀಡಿ ಸೇದುತ್ತಿದ್ದರು. ಊಟದಲ್ಲಿ ಎರಡು ಮುದ್ದೆ. ಹುರುಳಿ ಬಸ್ಸಾರು ಇದ್ದರೆ ಇನ್ನರ್ಧ ಕೇಳುವವರು.

ಎಲ್ಲ ಶುರುವಾಗಿದ್ದು ಆ ಮುದ್ದೆಯಿಂದ. ಒಂದು ದಿನ ಎರಡನೇ ಮುದ್ದೆ ಬೇಡ ಅಂದರು. ಯಾರೂ ಏನೂ ಅಂದುಕೊಳ್ಳಲಿಲ್ಲ. ಸ್ವಲ್ಪ ದಿನಕ್ಕೆ ಒಂದು ಮುದ್ದೆಯಲ್ಲೂ ಅರ್ಧ ತಟ್ಟೆಯಲ್ಲೇ ಉಳಿಯತೊಡಗಿತು. "ಹಸಿವಾಗುತ್ತೆ, ಕೂತ್ಕೊಂಡು ನಾಕು ತುತ್ತು ತಿಂದ್ರೆ ಹೊಟ್ಟೆ ತುಂಬಿದ ಹಾಗಾಗುತ್ತೆ" ಅನ್ನುತ್ತಿದ್ದರು. ದೊಡ್ಡಮ್ಮ ಸಾರಿನ ರುಚಿ ಕೆಟ್ಟಿದೆ ಅಂದುಕೊಂಡು ಖಾರ ಅರೆಯುವುದನ್ನೇ ಬದಲಾಯಿಸಿದರು. ಮಾಂಸದ ಸಾರು ಮಾಡಿದರೆ ದೊಡ್ಡಪ್ಪ ವಾಸನೆಗೇ ಎದ್ದು ಹೋಗುತ್ತಿದ್ದರು.

ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು ಈ ಕಾಯಿಲೆಯ ಬಹಳ ಮುಖ್ಯ ಲಕ್ಷಣ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಊಟ ಒಳಗೆ ಹೋದಾಗ ಜಠರದ ಗೋಡೆ ಸಡಿಲಗೊಂಡು ಹಿಗ್ಗಬೇಕು. ಬೆಳೆದವರ ಹೊಟ್ಟೆ ಒಂದು ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ಗೋಡೆಯ ಒಂದು ಭಾಗ ಗಟ್ಟಿಯಾದರೆ ಅದು ಹಿಗ್ಗುವುದಿಲ್ಲ. ಹಾಗಾಗಿ ಸ್ವಲ್ಪಕ್ಕೇ ಸಾಕು ಅನ್ನಿಸುತ್ತದೆ. ಆದರೆ ಇದನ್ನು ಯಾರು ಕಾಯಿಲೆ ಅಂದುಕೊಳ್ಳುತ್ತಾರೆ ಹೇಳಿ? ವಯಸ್ಸಾಯಿತು, ಊಟ ಕಮ್ಮಿಯಾಯಿತು ಅನ್ನುತ್ತೇವೆ. ಕಮ್ಮಿ ತಿನ್ನುವುದು ಒಳ್ಳೆಯದು ಅಂತಲೂ ಅನ್ನುತ್ತೇವೆ.

ನೋವು ಬಂದಿದ್ದರೆ ಬೇಗ ಓಡುತ್ತಿದ್ದೆವು. ನೋವು ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಕೊನೆಗೆ ಎಂಡೋಸ್ಕೋಪಿ ಮಾಡಿದ ದಿನ. ಹಾಸನದ ಒಂದು ಆಸ್ಪತ್ರೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಹಲ್ಲಿನ ಮಧ್ಯೆ ಒಂದು ಪ್ಲಾಸ್ಟಿಕ್ ಬಳೆ ಇಟ್ಟು, ತುದಿಯಲ್ಲಿ ಕ್ಯಾಮೆರಾ ಇರುವ ಬೆರಳು ಗಾತ್ರದ ಕಪ್ಪು ಕೊಳವೆಯನ್ನು ಹೊಟ್ಟೆಗೆ ಇಳಿಸಿದರು. ಹತ್ತು ನಿಮಿಷವೂ ಆಗಲಿಲ್ಲ. ಹೊರಗೆ ಬಂದ ಡಾಕ್ಟರ್ ಚಿಕ್ಕ ಬಾಟಲಿ ತೋರಿಸಿದರು. ಅದರ ದ್ರವದಲ್ಲಿ ಅಕ್ಕಿನುಚ್ಚಿನಷ್ಟು ದೊಡ್ಡ ಚೂರುಗಳು ಆರೇಳು ತೇಲುತ್ತಿದ್ದವು. ಜಠರದ ಗೋಡೆಯಿಂದ ಕಿತ್ತಿದ್ದು. "ಕಿತ್ತಾಗ ನೋವಾಯ್ತಾ?" ಅಂತ ದೊಡ್ಡಪ್ಪನನ್ನು ಕೇಳಿದೆ. "ಏನು ಕಿತ್ತಿದ್ದು?" ಅಂದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಡಾಕ್ಟರ್ ಆಗ ವಿವರಿಸಿದರು. ಹೊಟ್ಟೆಯ ಒಳಪದರಕ್ಕೆ ಚರ್ಮಕ್ಕಿರುವಂಥ ನೋವಿನ ಅರಿವಿಲ್ಲ. ಕತ್ತರಿಸಿದರೆ, ಚಿವುಟಿದರೆ ತಿಳಿಯುವುದಿಲ್ಲ. ಹಿಗ್ಗಿದರೆ, ಹಿಂಡಿದರೆ, ಉರಿಯೂತ ಆದರೆ, ರಕ್ತ ಓಡಾಡದಿದ್ದರೆ ಮಾತ್ರ ನೋವು ಬರುತ್ತದೆ. ಇಕ್ಕಳದಿಂದ ಚೂರು ಕಿತ್ತರೇ ಗೊತ್ತಾಗದ ಜಾಗದಲ್ಲಿ ಒಂದು ಗಡ್ಡೆ ಮೆಲ್ಲಗೆ ಬೆಳೆದರೆ ಗೊತ್ತಾಗುವುದು ಹೇಗೆ? ಅನ್ನನಾಳ ಬಂದು ಸೇರುವ ಬಾಯಲ್ಲಿ ಬೆಳೆದರೆ ನುಂಗಲು ಕಷ್ಟವಾಗುತ್ತದೆ. ಕೆಳಗೆ ಕರುಳಿಗೆ ಹೋಗುವ ಬಾಗಿಲಲ್ಲಿ ಬೆಳೆದರೆ ದಾರಿ ಕಟ್ಟಿ ವಾಂತಿ ಶುರುವಾಗುತ್ತದೆ. ಈ ಎರಡು ಕಡೆ ಸ್ವಲ್ಪವಾದರೂ ಮುನ್ಸೂಚನೆ ಇದೆ. ನಡುವಿನ ವಿಶಾಲ ಜಾಗದಲ್ಲಿ ಬೆಳೆದರೆ ಬಹಳ ಕಾಲ ಯಾವ ಅಡ್ಡಿಯೂ ಆಗುವುದಿಲ್ಲ. ದೊಡ್ಡಪ್ಪನಿಗೆ ಬಂದಿದ್ದು ನಡುವಿನಲ್ಲಿ.

ನೋವಿರಲಿಲ್ಲ ಅಂದರೆ ಏನೂ ಇರಲಿಲ್ಲ ಅಂತಲ್ಲ. ಎದೆ ಉರಿ ಇತ್ತು, ಹುಳಿ ತೇಗು ಇತ್ತು, ಹೊಟ್ಟೆ ಉಬ್ಬರ ಇತ್ತು. ಇವು ಯಾರಿಗಿಲ್ಲ? ಪ್ರಪಂಚದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅಜೀರ್ಣದ ತೊಂದರೆ ಇರುತ್ತದಂತೆ. ನಮ್ಮ ಕಡೆ ಸಂತೆಯಲ್ಲಿ ನಿಂತು ಕೇಳಿದರೆ ಅದಕ್ಕಿಂತ ಜಾಸ್ತಿ ಜನ ಕೈ ಎತ್ತುತ್ತಾರೆ. ಮನೆಯಲ್ಲಿ ಓಂಕಾಳಿನ ಕಷಾಯ, ಜೀರಿಗೆ ನೀರು, ಪುದೀನ ಹಾಕಿದ ಮಜ್ಜಿಗೆ ಆಯಿತು. ಆಮೇಲೆ ಅಂಗಡಿಯ ಸೋಡಾ. ಇದರಲ್ಲಿ ತಪ್ಪೇನಿದೆ? ನೂರರಲ್ಲಿ ತೊಂಬತ್ತೊಂಬತ್ತು ಸಲ ಅದು ಬರೀ ಅಜೀರ್ಣವೇ ಆಗಿರುತ್ತದೆ. ಡಾಕ್ಟರಿಗೂ ಇದೇ ಲೆಕ್ಕ. ಎದೆ ಉರಿ ಅಂತ ದಿನವೂ ಸಾಲುಗಟ್ಟಿ ಬರುವವರಲ್ಲಿ ಕ್ಯಾನ್ಸರ್ ಇರುವವರು ಎಲ್ಲೋ ಒಬ್ಬರು. ವಯಸ್ಸು ಚಿಕ್ಕದಿದ್ದು, ಬೇರೆ ಅಪಾಯದ ಲಕ್ಷಣ ಇಲ್ಲದಿದ್ದರೆ ಮೊದಲು ಮಾತ್ರೆ ಕೊಟ್ಟು ನೋಡುವುದು ವೈದ್ಯಶಾಸ್ತ್ರದ ಪ್ರಕಾರವೂ ಸರಿಯೇ.

ತೊಂದರೆ ಇರುವುದು ಆ ಮಾತ್ರೆ ಮುಂದೆ ಏನಾಗುತ್ತದೆ ಅನ್ನುವುದರಲ್ಲಿ. ನಮ್ಮೂರಲ್ಲಿ ಅದಕ್ಕೆ 'ಖಾಲಿ ಹೊಟ್ಟೆ ಮಾತ್ರೆ' ಅಂತಲೇ ಹೆಸರು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಇಂಥವು. ಹೊಟ್ಟೆಯಲ್ಲಿ ಆಮ್ಲ ಬರುವುದನ್ನು ಬಹಳ ಚೆನ್ನಾಗಿ ತಡೆಯುತ್ತವೆ. ನಾಲ್ಕರಿಂದ ಎಂಟು ವಾರ ಕೊಟ್ಟು, ಆಮೇಲೆ ಮತ್ತೆ ನೋಡಬೇಕು ಅನ್ನುವುದು ಕ್ರಮ. ಆದರೆ ಡಾಕ್ಟರ್ ಒಂದು ಸಲ ಬರೆದ ಮೇಲೆ ಆ ಖಾಲಿ ಹಾಳೆ ಮೆಡಿಕಲ್ ಸ್ಟೋರಿನಲ್ಲಿ ತೋರಿಸಿದರೆ ಸಾಕು, ಚೀಟಿ ಕೇಳದೆ ಇನ್ನೊಂದು ಕೊಡುತ್ತಾರೆ. ದೊಡ್ಡಪ್ಪನ ಅಂಗಿ ಜೇಬಿನಲ್ಲಿ ಬೀಡಿ ಕಟ್ಟಿನ ಜೊತೆ ಆ ಮಾತ್ರೆಯ ಹಾಳೆ ಇದ್ದೇ ಇರುತ್ತಿತ್ತು. ಒಂದೊಂದೇ ಗುಳಿ ಒತ್ತಿ ಒತ್ತಿ ಹಾಳೆ ಸುರುಟಿಕೊಂಡಿರುತ್ತಿತ್ತು.

ಈ ಮಾತ್ರೆ ಕ್ಯಾನ್ಸರ್ ಇದ್ದರೂ ಆರಾಮ ಕೊಡುತ್ತದೆ. ನನ್ನನ್ನು ಬೆಚ್ಚಿಬೀಳಿಸಿದ್ದು ಇದು. ಕ್ಯಾನ್ಸರ್ ಹುಣ್ಣಿನ ಮೇಲೆ ಆಮ್ಲ ಸುರಿಯುವುದು ನಿಂತಾಗ ಉರಿ ಇಳಿಯುತ್ತದೆ. ಹುಣ್ಣು ಮೇಲುಮೇಲಕ್ಕೆ ಮಾಯ್ದ ಹಾಗೂ ಕಾಣಬಹುದು. ಆ ಸಮಯದಲ್ಲಿ ಎಂಡೋಸ್ಕೋಪಿ ಮಾಡಿದರೆ ಕಣ್ಣು ತಪ್ಪುವ ಸಾಧ್ಯತೆಯೂ ಇದೆ. ಅದಕ್ಕೇ ಜಠರದಲ್ಲಿ ಹುಣ್ಣು ಸಿಕ್ಕರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಮಾತ್ರೆ ಕೊಟ್ಟು ಕೆಲವು ವಾರದ ನಂತರ ಮತ್ತೆ ಕೊಳವೆ ಇಳಿಸಿ ಪೂರ್ತಿ ಮಾಯ್ದಿದೆಯಾ ನೋಡುತ್ತಾರೆ. ಮಾತ್ರೆಯಿಂದ ಕಮ್ಮಿಯಾಯಿತು ಅಂದರೆ ದೊಡ್ಡದೇನೂ ಇಲ್ಲ ಅಂತ ನಾವು ನಂಬುತ್ತೇವಲ್ಲ, ಆ ನಂಬಿಕೆಗೆ ಆಧಾರವಿಲ್ಲ.

ಇನ್ನು ನಾರ್ಮಲ್ ರಿಪೋರ್ಟುಗಳ ವಿಷಯ. ದೊಡ್ಡಪ್ಪನ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲವೂ ನಾರ್ಮಲ್ಲೇ. ಎದೆ ಉರಿ ಅಂದಿದ್ದಕ್ಕೆ ಇಸಿಜಿ ಆಗಿತ್ತು. ನಾರ್ಮಲ್. ಮೈ ಇಳಿದಿದೆ ಅಂತ ಶುಗರ್ ಟೆಸ್ಟ್ ಆಗಿತ್ತು. ನಾರ್ಮಲ್. ಹೊಟ್ಟೆಯ ಸ್ಕ್ಯಾನಿಂಗ್ ಆಗಿತ್ತು. ಅದೂ ನಾರ್ಮಲ್. ಪ್ರತಿ ರಿಪೋರ್ಟಿನ ನಂತರ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು, "ಸದ್ಯ, ಏನಿಲ್ವಂತೆ, ಬರೀ ಗ್ಯಾಸ್ಟ್ರಿಕ್ ಅಂತೆ" ಅಂತ ಫೋನು ಮಾಡಿ ಹೇಳಿದರು. ನಮ್ಮ ಜಿಲ್ಲೆಯಲ್ಲಿ ಎದೆಯ ಭಯ ಯಾವಾಗಲೂ ಜಾಸ್ತಿ. 2025ರ ಜೂನ್, ಜುಲೈನಲ್ಲಂತೂ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟೀವಿಯಲ್ಲಿ ಹಗಲುರಾತ್ರಿ ಬಂತು. ಎದೆ ಪರೀಕ್ಷೆಗೆ ಆಸ್ಪತ್ರೆಗಳ ಮುಂದೆ ಜನ ಸಾಲು ನಿಂತರು. ಅಲ್ಲಿ ಇಸಿಜಿ ಸರಿಯಿದೆ ಅಂದ ಮೇಲೆ ಎಷ್ಟು ಜನ ತಮ್ಮ ಎದೆ ಉರಿಯನ್ನು ಅಲ್ಲಿಗೇ ಮರೆತಿರಬಹುದು ಅಂತ ನಾನು ಯೋಚಿಸುತ್ತೇನೆ. ಇಸಿಜಿ ಹೇಳುವುದು ಹೃದಯದ ವಿಷಯ. ಹೊಟ್ಟೆಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಸ್ಕ್ಯಾನಿಂಗ್ ಮಾತ್ರ ಇನ್ನೂ ದೊಡ್ಡ ಭ್ರಮೆ ಹುಟ್ಟಿಸುತ್ತದೆ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಉಜ್ಜಿ ನೋಡುವ ಅಲ್ಟ್ರಾಸೌಂಡ್ ಅಂದರೆ ಹೊಟ್ಟೆಯನ್ನೇ ನೋಡುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಸಹಜ ಅಲ್ವಾ? ಆದರೆ ಅದು ಚೆನ್ನಾಗಿ ತೋರಿಸುವುದು ಲಿವರ್, ಪಿತ್ತಕೋಶ, ಮೂತ್ರಪಿಂಡ, ಗರ್ಭಕೋಶ ಇಂಥವನ್ನು. ಜಠರ ಮತ್ತು ಕರುಳಿನಲ್ಲಿ ಗಾಳಿ ಇರುತ್ತದೆ. ಆ ಯಂತ್ರದ ಶಬ್ದದ ಅಲೆಗಳು ಗಾಳಿಯನ್ನು ದಾಟಿ ಹೋಗಲಾರವು. ಜಠರದ ಒಳಪದರದಲ್ಲಿ ಕೂತ ಸಣ್ಣ ಗಡ್ಡೆ ಅದರಲ್ಲಿ ಕಾಣುವುದಿಲ್ಲ. ರಕ್ತಪರೀಕ್ಷೆಯಲ್ಲೂ ಸಿಗುವುದಿಲ್ಲ. ಗಡ್ಡೆಯ ಸುಳಿವು ಕೊಡುವ ಟ್ಯೂಮರ್ ಮಾರ್ಕರ್ ಅಂತ ಕೆಲವು ರಕ್ತಪರೀಕ್ಷೆಗಳಿವೆ, ಆದರೆ ಆರಂಭದ ಕ್ಯಾನ್ಸರನ್ನು ಅವು ಹಿಡಿಯುವುದಿಲ್ಲ. ಕಣ್ಣಾರೆ ಒಳಗೆ ನೋಡುವುದೊಂದೇ ದಾರಿ. ಅದು ಎಂಡೋಸ್ಕೋಪಿ. "ಸ್ಕ್ಯಾನಿಂಗ್ ಆಗಿದೆ" ಅಂದರೆ ಎಲ್ಲ ಆಗಿದೆ ಅಂತ ತಿಳಿಯುವ ನಮ್ಮ ಜನಕ್ಕೆ ಇದೊಂದನ್ನು ಯಾರಾದರೂ ಮನೆಮನೆಗೆ ಹೋಗಿ ಹೇಳಬೇಕು ಅನ್ನಿಸುತ್ತದೆ.

ರಕ್ತ ಕಮ್ಮಿ ಇದೆ ಅನ್ನುವುದು ಮಾತ್ರ ಒಂದು ರಿಪೋರ್ಟಿನಲ್ಲಿ ಬಂದಿತ್ತು. ಹಿಮೋಗ್ಲೋಬಿನ್ ಒಂಬತ್ತರ ಹತ್ತಿರ. ಊಟ ಸೇರುತ್ತಿಲ್ಲವಲ್ಲ, ಅದಕ್ಕೇ ಇರಬೇಕು ಅಂತಾಯಿತು. ಕಬ್ಬಿಣದ ಮಾತ್ರೆ ಶುರುವಾಯಿತು. ಅರವತ್ತು ದಾಟಿದ ಗಂಡಸಿಗೆ ಕಬ್ಬಿಣದ ಕೊರತೆಯಿಂದ ರಕ್ತ ಕಮ್ಮಿಯಾದರೆ, ಅದು ಎಲ್ಲಿಂದ ಸೋರುತ್ತಿದೆ ಅಂತ ಮೊದಲು ಹುಡುಕಬೇಕು. ಜಠರದಿಂದ ದೊಡ್ಡ ಕರುಳಿನವರೆಗೆ ನೋಡಬೇಕು. ಗಡ್ಡೆಯ ಮೇಲ್ಮೈಯಿಂದ ದಿನಾ ಒಂಚೂರು ರಕ್ತ ಜಿನುಗುತ್ತಿರುತ್ತದೆ. ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ಜಾಸ್ತಿಯಾದರೆ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಚಿತ್ರ ವಾಸನೆಯೊಂದಿಗೆ ಬರುತ್ತದೆ. ಇಲ್ಲಿ ಇನ್ನೊಂದು ತೊಡಕು ನೋಡಿ. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ. ಡಾಕ್ಟರುಗಳೇ ಅದನ್ನು ಮೊದಲೇ ಹೇಳಿ ಕಳಿಸುತ್ತಾರೆ, ಗಾಬರಿಯಾಗದಿರಲಿ ಅಂತ. ಹಾಗಾಗಿ ನಿಜವಾದ ಸೂಚನೆ ಬಂದಾಗಲೂ ಅದು ಮಾತ್ರೆಯ ಲೆಕ್ಕಕ್ಕೆ ಹೋಗುತ್ತದೆ. ಅದೂ ಅಲ್ಲದೆ, ಇಂಥದ್ದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವವರು ಯಾರು? ದೊಡ್ಡಪ್ಪ ಹೆಂಡತಿಗೂ ಹೇಳಿರಲಿಲ್ಲ. ಹೆಂಗಸರ ಕಥೆ ಇನ್ನೂ ಕಷ್ಟ. ಅವರಿಗೆ ರಕ್ತ ಕಮ್ಮಿ ಇರುವುದು ಮಾಮೂಲು ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ, ಅವರೂ ಕೂಡ.

ಈಗ ಮದ್ದಿನ ವಿಷಯಕ್ಕೆ ಬರುತ್ತೇನೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಹಾಸನ, ಚಿಕ್ಕಮಗಳೂರು ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ವಿವರಿಸುವುದೇ ಬೇಡ. ಆಗದವರು ಊಟದಲ್ಲಿ ಏನೋ ಬೆರೆಸಿ ಕೊಡುತ್ತಾರೆ, ಅದು ಹೊಟ್ಟೆಯಲ್ಲಿ ಕಚ್ಚಿಕೊಂಡು ಕೂತು ಮನುಷ್ಯನನ್ನು ಒಳಗಿಂದ ತಿನ್ನುತ್ತದೆ ಅನ್ನುವ ನಂಬಿಕೆ. ಕೈಮದ್ದು ಅನ್ನುತ್ತಾರೆ. ದೊಡ್ಡಪ್ಪನ ಕೆನ್ನೆ ಒಳಗೆ ಹೋಗಿ, ಪಂಚೆ ಸೊಂಟದಲ್ಲಿ ನಿಲ್ಲದಿದ್ದಾಗ ಊರಲ್ಲಿ ಮಾತು ಶುರುವಾಯಿತು. "ಮದ್ದು ಬಿದ್ದಿರಬೇಕು." ಮದ್ದು ತೆಗೆಯುವವರ ಹತ್ತಿರ ಕರೆದುಕೊಂಡು ಹೋದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದರು. ವಾಂತಿಯಲ್ಲಿ ಬಿದ್ದ ಒಂದು ಗಂಟಿನಂಥದ್ದನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿದರು. ಎಲ್ಲರಿಗೂ ಸಮಾಧಾನ ಆಯಿತು. ಒಂದೆರಡು ದಿನ ದೊಡ್ಡಪ್ಪ ಸ್ವಲ್ಪ ಜಾಸ್ತಿ ಉಂಡರು ಕೂಡ. ಇನ್ನು ಸರಿಹೋಗುತ್ತೆ ಅಂತ ಕಾದರು. ಜೊತೆಗೆ ಒಬ್ಬ ಸಂಬಂಧಿಕರ ಮೇಲೆ ಅನುಮಾನ ಬಂದು, ಆ ಮನೆಗೆ ಹೋಗಿಬರುವುದೂ ನಿಂತಿತು. ಆ ಮನೆಯವರು ದೊಡ್ಡಪ್ಪನ ಮಣ್ಣಿಗೆ ಬಂದಾಗ ದೂರದಲ್ಲಿ ನಿಂತು ಹೋದರು. ಅದನ್ನು ನೆನೆದರೆ ನನಗೆ ಕಾಯಿಲೆಗಿಂತ ಜಾಸ್ತಿ ಸಂಕಟವಾಗುತ್ತದೆ.

ಈ ನಂಬಿಕೆಯನ್ನು ಬೈಯಲು ನನಗೆ ಇಷ್ಟವಿಲ್ಲ. ಬದಲಿಗೆ ಬೇರೊಂದು ವಿಷಯ ನನ್ನನ್ನು ಕಾಡುತ್ತದೆ. ಮದ್ದು ಬಿದ್ದವರ ಲಕ್ಷಣ ಏನು ಅಂತ ನಮ್ಮ ಹಿರಿಯರನ್ನು ಕೇಳಿ ನೋಡಿ. ಊಟ ಸೇರಲ್ಲ. ತಿಂದದ್ದು ಮೈಗೆ ಹತ್ತಲ್ಲ. ಹೊಟ್ಟೆಯಲ್ಲಿ ಏನೋ ಕೂತ ಹಾಗಿರುತ್ತೆ. ವಾಕರಿಕೆ. ಮುಖ ಕಳೆಗುಂದುತ್ತೆ. ಮೈ ಇಳಿದು ಹೋಗುತ್ತೆ. ಯಾವ ಔಷಧಿಗೂ ಬಗ್ಗಲ್ಲ. ಇದನ್ನು ಹಾಗೇ ಬರೆದು ಜಠರದ ತಜ್ಞರ ಮುಂದಿಟ್ಟರೆ ಅವರು ಮರುಮಾತಿಲ್ಲದೆ ಎಂಡೋಸ್ಕೋಪಿಗೆ ಬರೆಯುತ್ತಾರೆ. ಅಂದರೆ ನಮ್ಮ ಊರಿನವರು ಈ ಕಾಯಿಲೆಯನ್ನು ಬಹಳ ಹಿಂದಿನಿಂದ ಕಣ್ಣಿಟ್ಟು ನೋಡಿದ್ದಾರೆ. ಲಕ್ಷಣಗಳನ್ನು ಒಂದೂ ಬಿಡದೆ ಗುರುತು ಹಾಕಿಕೊಂಡಿದ್ದಾರೆ. ಕಾರಣ ಮಾತ್ರ ಬೇರೆ ಕೊಟ್ಟರು. ಹಾಗಾಗಿ ಆಶಾ ಕಾರ್ಯಕರ್ತೆಯರಿಗೆ, ಹಳ್ಳಿಯಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ನಾನು ಹೇಳುವುದು ಇಷ್ಟು. ಯಾವುದಾದರೂ ಮನೆಯಲ್ಲಿ "ಮದ್ದು ಬಿದ್ದಿರಬೇಕು" ಅಂದರೆ ಆ ಮಾತನ್ನು ತಳ್ಳಿಹಾಕಬೇಡಿ. ಅದನ್ನೇ ಲಕ್ಷಣ ಅಂತ ಬರೆದುಕೊಳ್ಳಿ. ಮದ್ದು ತೆಗೆಸಿಕೊಂಡೇ ಬರುತ್ತೇವೆ ಅಂದರೆ ಜಗಳ ಆಡಬೇಡಿ. "ಆಯ್ತು, ಅದರ ಜೊತೆ ಈ ವಾರವೇ ಕೊಳವೆ ಹಾಕಿಸಿ ಒಂದ್ಸಲ ನೋಡಿಸಿಬಿಡಿ" ಅನ್ನಿ.

ಆಮೇಲೆ ಕಾಫಿ ಕೊಯ್ಲು ಬಂತು. ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಕಡೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಆಳು ಸಿಕ್ಕಾಗ ಹಣ್ಣು ಕೊಯ್ಯಬೇಕು, ಬಿಸಿಲಿದ್ದಾಗ ಒಣಗಿಸಬೇಕು. ಶುಂಠಿಗೆ ರೇಟು ಬಂದಾಗ ಕೀಳಬೇಕು. "ಕೊಯ್ಲು ಮುಗೀಲಿ, ಹಾಸನಕ್ಕೆ ಹೋಗಿ ಪೂರ್ತಿ ಚೆಕಪ್ ಮಾಡಿಸೋಣ" ಅಂದರು.

ಮಾರ್ಚಿನಲ್ಲಿ ಹಾಸನಕ್ಕೆ ಬಂದಾಗ ಆ ಡಾಕ್ಟರ್ ಹೊಟ್ಟೆ ಮುಟ್ಟುವ ಮೊದಲು ದೊಡ್ಡಪ್ಪನ ಎಡಭುಜದ ಕಡೆ, ಕತ್ತಿನ ಎಲುಬಿನ ಮೇಲಿನ ಗುಳಿಯಲ್ಲಿ ಬೆರಳಿಟ್ಟು ಒತ್ತಿದರು. ಅಲ್ಲೊಂದು ಗಟ್ಟಿ ಗಂಟು ಇತ್ತು. ಕಡಲೆಕಾಳಿಗಿಂತ ದೊಡ್ಡದು. ಮುಟ್ಟಿದರೆ ನೋವಿಲ್ಲ. ದೊಡ್ಡಪ್ಪ ಅದನ್ನು ಗಮನಿಸಿಯೇ ಇರಲಿಲ್ಲ. ಡಾಕ್ಟರ್ ಮುಖ ಬದಲಾಗಿದ್ದು ನನಗೆ ಕಂಡಿತು. ದುಗ್ಧರಸ ಅಂದರೆ ಮೈಯೊಳಗೆ ತನ್ನದೇ ನಾಳಗಳಲ್ಲಿ ಹರಿಯುವ ಒಂದು ದ್ರವ. ಹೊಟ್ಟೆಯ ದುಗ್ಧರಸ ಮೇಲಕ್ಕೆ ಹರಿದು ಎಡಗಡೆ ಕತ್ತಿನ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಆ ದಾರಿಯಲ್ಲಿ ಕ್ಯಾನ್ಸರ್ ಕಣಗಳು ಬಂದು ಅಲ್ಲಿನ ಗಂಟಿನಲ್ಲಿ ನೆಲೆ ನಿಲ್ಲುತ್ತವೆ. 1848ರಲ್ಲೇ ಜರ್ಮನಿಯ ಡಾಕ್ಟರ್ ರುಡಾಲ್ಫ್ ವಿರ್ಕೋ ಇದನ್ನು ಬರೆದಿದ್ದರಿಂದ ಆ ಗಂಟಿಗೆ ಅವರದೇ ಹೆಸರಿದೆ. ಅದು ಕೈಗೆ ಸಿಕ್ಕಿತು ಅಂದರೆ ಕಾಯಿಲೆ ಹೊಟ್ಟೆ ದಾಟಿ ಬಹಳ ದೂರ ಬಂದಿದೆ ಅಂತ ಅರ್ಥ. ಎಂಡೋಸ್ಕೋಪಿ, ಸೀಟಿ ಸ್ಕ್ಯಾನ್ ಎಲ್ಲ ಆದ ಮೇಲೆ ಅದೇ ನಿಜವಾಯಿತು. ಲಿವರಿಗೂ ಹರಡಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೀಮೋ ಆಯಿತು. ಆಪರೇಷನ್ ಮಾಡುವ ಹಂತ ಮುಗಿದಿತ್ತು. ಮುಂದಿನ ಕೊಯ್ಲಿಗೆ ಅವರಿರಲಿಲ್ಲ.

ಜಠರದ ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ಕ್ಯಾನ್ಸರ್ ಅದರ ಒಳಗಿನ ಎರಡು ಪದರಗಳಲ್ಲೇ ಇರುವಾಗ ಸಿಕ್ಕರೆ, ಐದು ವರ್ಷದ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಬದುಕಿರುತ್ತಾರೆ. ಕೆಲವರಿಗೆ ಹೊಟ್ಟೆ ಕೊಯ್ಯುವುದೂ ಬೇಡ, ಅದೇ ಕೊಳವೆಯ ಮೂಲಕ ಆ ಪದರವನ್ನು ಸುಲಿದು ತೆಗೆಯುತ್ತಾರೆ. ಬೇರೆ ಕಡೆಗೆ ಹರಡಿದ ಮೇಲೆ ಸಿಕ್ಕರೆ ಕೀಮೋ ಕೊಟ್ಟರೂ ವರ್ಷ ದಾಟುವುದೇ ಕಷ್ಟ. ಒಂದೇ ಕಾಯಿಲೆಗೆ ಇಷ್ಟು ಅಂತರ ಇರುವಾಗ, ತಡ ಆಗುವುದು ಎಂಥ ಅನ್ಯಾಯ ಅನ್ನುವುದನ್ನು ಯೋಚಿಸಿ.

ಜಪಾನಿನಲ್ಲಿ ಈ ಕ್ಯಾನ್ಸರ್ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದು ಆರಂಭದಲ್ಲೇ ಪತ್ತೆಯಾಗುತ್ತದೆ. ಅಲ್ಲಿನವರ ಹೊಟ್ಟೆ ಬೇಗ ಹೇಳುತ್ತದೆ ಅಂತಲ್ಲ. ಲಕ್ಷಣ ಬರಲಿ ಅಂತ ಅವರು ಕಾಯುವುದಿಲ್ಲ. 1950ರಲ್ಲೇ ಹೊಟ್ಟೆಯೊಳಗೆ ಇಳಿಸುವ ಪುಟ್ಟ ಕ್ಯಾಮೆರಾ ಅಲ್ಲಿ ತಯಾರಾಯಿತು. ಎಷ್ಟೋ ದಶಕ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇ ತೆಗೆದು ಊರೂರು ಪರೀಕ್ಷೆ ಮಾಡಿದರು. ಈಗ 50 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಎಂಡೋಸ್ಕೋಪಿ. ದಕ್ಷಿಣ ಕೊರಿಯಾದಲ್ಲಿ 40ಕ್ಕೇ ಶುರು. ನಮ್ಮ ದೇಶದಲ್ಲಿ ಸರ್ಕಾರ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡುತ್ತದೆ. ಹೊಟ್ಟೆ ಅದರಲ್ಲಿಲ್ಲ. ಮಿಜೋರಾಂ ಬಿಟ್ಟರೆ ನಮ್ಮಲ್ಲಿ ಈ ಕ್ಯಾನ್ಸರ್ ಜಪಾನಿನಷ್ಟು ಇಲ್ಲ, ಎಲ್ಲರಿಗೂ ಕೊಳವೆ ಹಾಕುವಷ್ಟು ಡಾಕ್ಟರುಗಳೂ ಇಲ್ಲ. ಎಲ್ಲರಿಗೂ ಮಾಡಿ ಅಂತ ನಾನೂ ಕೇಳುವುದಿಲ್ಲ. ಆದರೆ ಲಕ್ಷಣ ಇದ್ದವರಿಗಾದರೂ ತಡ ಮಾಡದೆ ಮಾಡಬೇಕು ಅಂತ ಕೇಳುವುದರಲ್ಲಿ ನ್ಯಾಯವಿದೆ.

ಯಾರಿಗೆ ತಡ ಮಾಡಬಾರದು? ವಯಸ್ಸು ಐವತ್ತರ ಹತ್ತಿರ ಬಂದ ಮೇಲೆ, ಹಿಂದೆ ಇಲ್ಲದ ಹೊಟ್ಟೆಯ ತೊಂದರೆ ಹೊಸದಾಗಿ ಶುರುವಾದವರಿಗೆ. ಪ್ರಯತ್ನಪಡದೆ ತೂಕ ಇಳಿದವರಿಗೆ. ಸ್ವಲ್ಪ ತಿಂದರೇ ಸಾಕಾಗುವವರಿಗೆ. ನುಂಗುವಾಗ ಸಿಕ್ಕಿಕೊಂಡ ಹಾಗಾಗುವವರಿಗೆ, ಮತ್ತೆ ಮತ್ತೆ ವಾಂತಿ ಆಗುವವರಿಗೆ. ಕಾರಣ ಗೊತ್ತಿಲ್ಲದೆ ರಕ್ತ ಕಮ್ಮಿಯಾದವರಿಗೆ, ಮಲ ಕಪ್ಪಾದವರಿಗೆ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿದ್ದವರಿಗೆ. ಇದರಲ್ಲಿ ಒಂದಿದ್ದರೂ ಡಾಕ್ಟರ್ ಮುಂದೆ ಕೂತು "ನಂಗೆ ಎಂಡೋಸ್ಕೋಪಿ ಬೇಕಾ?" ಅಂತ ಹೆಸರು ಹಿಡಿದು ಕೇಳಿ. ಸುಮ್ನೆ "ಗ್ಯಾಸ್ಟ್ರಿಕ್" ಅಂತ ಹೇಳಿ ಬರಬೇಡಿ. ಎಷ್ಟು ತಿಂಗಳಿಂದ, ಎಷ್ಟು ಕೆಜಿ ಇಳಿದಿದೆ, ಎಷ್ಟು ದಿನದಿಂದ ಖಾಲಿ ಹೊಟ್ಟೆ ಮಾತ್ರೆ ತಿನ್ನುತ್ತಿದ್ದೀರಿ, ಇಷ್ಟನ್ನು ಹೇಳಿದರೆ ಡಾಕ್ಟರ್ ಬೇರೆ ರೀತಿ ಯೋಚಿಸುತ್ತಾರೆ. ಕೊಳವೆ ಅಂದರೆ ಭಯ ಇರುತ್ತದೆ, ನಿಜ. ವಾಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಹತ್ತು ನಿಮಿಷದ ಕಷ್ಟ. ಇನ್ನೊಂದು ಮಾತು. ಕ್ಯಾನ್ಸರ್ ಗೋಡೆಯ ಒಳಗೊಳಗೇ ಹರಡುವ ಒಂದು ಬಗೆ ಇದೆ, ಚಿಕ್ಕ ವಯಸ್ಸಿನವರಿಗೂ ಬರುತ್ತದೆ. ಅದರಲ್ಲಿ ಮೇಲ್ಮೈ ಸರಿಯಾಗೇ ಕಾಣಬಹುದು, ಮೊದಲ ಚೂರಿನಲ್ಲಿ ಸಿಗದೆಯೂ ಇರಬಹುದು. ಲಕ್ಷಣ ಮುಂದುವರಿದರೆ ಮತ್ತೆ ಹೋಗಲೇಬೇಕು.

ದೊಡ್ಡಪ್ಪ ಹೋದ ಮೇಲೆ ಅವರ ಮಕ್ಕಳ ವಿಷಯದಲ್ಲಿ ನಾನು ಹಟ ಹಿಡಿದೆ. ಹೊಟ್ಟೆಯ ಕ್ಯಾನ್ಸರ್ ಬಂದವರ ಮಕ್ಕಳು, ಒಡಹುಟ್ಟಿದವರಿಗೆ ಬೇರೆಯವರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಅಪಾಯ. ಜೀನ್‌ಗಳ ಪಾಲು ಸ್ವಲ್ಪ. ಇನ್ನೊಂದು ಪಾಲು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾದ್ದು. ಚಿಕ್ಕವರಿದ್ದಾಗ ಮನೆಯೊಳಗೇ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ಔಷಧಿ ಕೊಡದಿದ್ದರೆ ಜೀವನಪೂರ್ತಿ ಜಠರದಲ್ಲೇ ಇರುತ್ತದೆ. ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಹೊಟ್ಟೆಯ ಉರಿಯೂತಕ್ಕೆ ಅದೇ ಕಾರಣ ಅಂತ ತೋರಿಸಿದರು. 2005ರಲ್ಲಿ ಅವರಿಗೂ ಅವರ ಜೊತೆ ಕೆಲಸ ಮಾಡಿದ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಪ್ರಪಂಚದ ಅರ್ಧದಷ್ಟು ಜನರಲ್ಲಿ ಇದು ಇದೆ, ಕ್ಯಾನ್ಸರ್ ಆಗುವುದು ಅವರಲ್ಲಿ ನೂರಕ್ಕೆ ಒಬ್ಬರೋ ಮೂವರೋ. ಆದ್ದರಿಂದ ಗಾಬರಿ ಬೇಡ. ಆದರೆ ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದಿದ್ದರೆ ಉಳಿದವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಹಾಗೇ ತಂಬಾಕು ಬಿಡಬೇಕು. ಅತಿಯಾದ ಉಪ್ಪು, ಉಪ್ಪಿನಲ್ಲಿ ಒಣಗಿಸಿದ್ದು, ಹೊಗೆಯಲ್ಲಿ ಇಟ್ಟದ್ದು ಕಮ್ಮಿ ಮಾಡಬೇಕು.

ದೊಡ್ಡಪ್ಪನ ದೊಡ್ಡ ಮಗ ಅದೇ ಮಾತು ಹೇಳಿದ. ಕೊಯ್ಲು ಮುಗೀಲಿ ಅಂತ. ದೊಡ್ಡಮ್ಮ ಒಪ್ಪಲಿಲ್ಲ. "ಹಣ್ಣು ಉದುರಿದರೆ ಉದುರಲಿ" ಅಂದು ತಾವೇ ಜೊತೆಯಲ್ಲಿ ಬಸ್ಸು ಹತ್ತಿದರು. ಅವನ ಹೊಟ್ಟೆಯಲ್ಲಿ ಹುಣ್ಣಿರಲಿಲ್ಲ, ಬ್ಯಾಕ್ಟೀರಿಯಾ ಇತ್ತು. ಹದಿನಾಲ್ಕು ದಿನದ ಮಾತ್ರೆ ಕೊಟ್ಟರು. ಬಾಯೆಲ್ಲ ಕಹಿ ಅಂತ ನಡುವೆ ಬಿಡಲು ನೋಡಿದ, ದೊಡ್ಡಮ್ಮ ಬಿಡಲಿಲ್ಲ. ಮಾತ್ರೆ ಮುಗಿದು ನಾಲ್ಕು ವಾರವಾದರೂ ಆದ ಮೇಲೆ, ಖಾಲಿ ಹೊಟ್ಟೆ ಮಾತ್ರೆಯನ್ನೂ ಎರಡು ವಾರ ನಿಲ್ಲಿಸಿ, ಬ್ಯಾಕ್ಟೀರಿಯಾ ಹೋಗಿದೆಯಾ ಅಂತ ಉಸಿರಿನ ಪರೀಕ್ಷೆ ಮಾಡಬೇಕು. ಅದಕ್ಕೆ ತಾರೀಖು ತಗೊಂಡಿದ್ದಾರೆ. ಆವತ್ತು ದೊಡ್ಡಮ್ಮ ತಮ್ಮದೂ ಮಾಡಿಸಿಕೊಳ್ಳುತ್ತಾರಂತೆ. ಚಿಕ್ಕ ಮಗ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ದಿನಾ ಫೋನು ಹೋಗುತ್ತಿದೆ.